ಕಾಶವ್ವನ ತೂಕ

ನಮ್ಮೂರಿನ ರೈಲು ಯಾವ ಊರಿಗೂ ಹೋಗುವುದಿಲ್ಲ. ಊರ ಸುತ್ತ ದುಂಡಗೆ ಹಾಸಿದ ಹದಿನಾಲ್ಕು ಮೈಲಿ ಹಳಿಯ ಮೇಲೆ ಹೊರಟು, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಎಲ್ಲೆಲ್ಲಿಯೋ ಓಡಬೇಕಾದ ಹೊಸ ಬೋಗಿ, ಹೊಸ ಗಾಲಿ, ಹೊಸ ಬ್ರೇಕು ಎಲ್ಲವೂ ಮೊದಲು ಇಲ್ಲಿಗೆ ಬರುತ್ತವೆ. ಪರೀಕ್ಷಾ ಕೇಂದ್ರದವರು ಅವನ್ನು ತಿಂಗಳುಗಟ್ಟಲೆ ಓಡಿಸಿ, ಗಾಲಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೇ, ಬ್ರೇಕು ಹಾಕಿದ ಮೇಲೆ ಗಾಡಿ ಎಷ್ಟು ಗಜ ಜಾರಿ ನಿಲ್ಲುತ್ತದೆ ಎಂದು ಅಳೆದು ಬರೆದುಕೊಂಡು, ಪಾಸಾದದ್ದನ್ನು ಹೊರಗೆ ಕಳಿಸುತ್ತಾರೆ. ಊರಲ್ಲಿ ಸ್ಟೇಷನ್ನಿಲ್ಲ. ಟಿಕೆಟ್ ಕೊಡುವ ಕಿಟಕಿಯಿಲ್ಲ. ಊರಿನ ಅರ್ಧ ಜನ ರೈಲಿನ ಕೆಲಸದವರೇ ಆದರೂ ರೈಲಿನಲ್ಲಿ ಕೂತು ಇನ್ನೊಂದು ಊರು ಕಂಡವರು ಕಡಿಮೆ.

ನನ್ನ ಹೆಸರು ಯಮನಪ್ಪ. ಕೇಂದ್ರದ ತೂಕದ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಖಾಲಿ ಬೋಗಿಗೆ ಬ್ರೇಕು ಹಾಕಿದರೆ ಅದು ನಿಲ್ಲುವ ರೀತಿಯೇ ಬೇರೆ, ಜನ ತುಂಬಿದ ಬೋಗಿ ನಿಲ್ಲುವ ರೀತಿಯೇ ಬೇರೆ. ಹಾಗಾಗಿ ಪರೀಕ್ಷೆಯ ಗಾಡಿಯ ಸೀಟುಗಳ ಮೇಲೆ ಜನರ ಬದಲು ಮರಳಿನ ಚೀಲಗಳನ್ನು ಕೂರಿಸುತ್ತಾರೆ. ನಮ್ಮೂರಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬರನ್ನೂ ತೂಕದ ಮನೆಗೆ ಕರೆದು, ತೂಗಿ, ಅಷ್ಟೇ ಭಾರದ ಚೀಲ ಹೊಲಿದು, ಅದರ ಮೇಲೆ ಕೆಂಪು ದಾರದಲ್ಲಿ ಹೆಸರು ಹಾಕುವ ಪದ್ಧತಿ. ಆವತ್ತಿನಿಂದ ಆ ಚೀಲ ಆ ಮನುಷ್ಯನ ಜೊತೆಯೇ ಏರುತ್ತದೆ, ಜೊತೆಯೇ ಇಳಿಯುತ್ತದೆ. ಮನುಷ್ಯ ಉಂಡು ಒಂದು ಕಿಲೊ ಹೆಚ್ಚಿದರೆ ಚೀಲವೂ ಒಂದು ಕಿಲೊ ಹೆಚ್ಚುತ್ತದೆ. ಜ್ವರ ಬಂದು ಸೊರಗಿದರೆ ಚೀಲವೂ ಸೊರಗುತ್ತದೆ. ಆದ್ದರಿಂದಲೇ ಪ್ರತಿ ಸೋಮವಾರ ಎಲ್ಲ ಚೀಲಗಳನ್ನೂ ಹೊಸದಾಗಿ ತೂಗಿ ಬ್ರೇಕ್ ವಿಭಾಗಕ್ಕೆ ಚೀಟಿ ಕಳಿಸಬೇಕು. ನಾಗರಪಂಚಮಿಯ ಉಂಡಿ ತಿಂದ ವಾರ ಚೀಟಿ ತಪ್ಪಿದರೆ ಗಾಡಿ ಒಂಬತ್ತು ಗಜ ಮುಂದೆ ಹೋಗಿ ನಿಲ್ಲುತ್ತದೆ. ರಂಜಾನಿನ ಕೊನೆಯ ವಾರ ಹಿಂದೆಯೇ ನಿಲ್ಲುತ್ತದೆ. ಎಷ್ಟೋ ಹೆಂಗಸರು ಸೋಮವಾರ ಮಧ್ಯಾಹ್ನ ತೂಕದ ಮನೆಯ ಕಟ್ಟೆಗೆ ಬಂದು, "ನಮ್ಮ ಮನಿಯಾವ್ರು ಎಷ್ಟ ಅದಾರ್ರಿ ಈ ವಾರ?" ಎಂದು ಕೇಳಿಕೊಂಡು, ಗಂಡ ಹೊರಗೆ ಬಜಿ ತಿನ್ನುತ್ತಿದ್ದಾನೆಂದು ತಿಳಿದುಕೊಂಡು ಹೋಗುತ್ತಿದ್ದರು.

ಹೊರಗಿನಿಂದ ಕೆಲಸಕ್ಕೆ ಬಂದವರಿಗೂ ಚೀಲ ಹೊಲಿಯುತ್ತೇವೆ. ಮೊದಲು ಅದು ಬರೀ ಮರಳು, ಹಾಕಿದಷ್ಟೇ ತೂಗುತ್ತದೆ. ಬ್ರೇಕ್ ವಿಭಾಗದ ಪಿಂಟೊ ಮೇಡಂ ಕರಾವಳಿಯ ಕಡೆಯವರು. ಅವರ ಚೀಲ ಒಂದೂವರೆ ವರ್ಷ ಅಲುಗಾಡಲಿಲ್ಲ. ಆಮೇಲೊಂದು ಸೋಮವಾರ ಇನ್ನೂರು ಗ್ರಾಂ ಇಳಿಯಿತು. ನಾನು ಚೀಟಿ ತೋರಿಸಿದಾಗ ಅವರು ಕುರ್ಚಿಯ ಮೇಲೆ ಕೂತು, ಕನ್ನಡಕ ತೆಗೆದು ಒರೆಸಿಕೊಂಡರು. ಚೀಲ ಹೊಲಿಯುವ ಹುಸೇನಬಿ ಅಂದು ಎಲ್ಲರಿಗೂ ಬೆಲ್ಲ ಹಂಚಿದಳು. "ಇನ್ನ ನೀವು ನಮ್ಮೂರಾಕಿ ಆದ್ರಿ ಬಾಯಾರ," ಎಂದಳು.

ಕಾಶವ್ವ ನನ್ನ ಹೆಂಡತಿ. ಒಂಬತ್ತು ವರ್ಷ ನನ್ನ ಜೊತೆ ಬಾಳಿದಳು. ಮಕ್ಕಳಾಗಲಿಲ್ಲ. ನಮ್ಮ ಮನೆಯ ಹಿತ್ತಲಿಗೆ ಹತ್ತಿಕೊಂಡೇ ದುಂಡು ಹಳಿ ಹೋಗುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಅವಳು ಹಿತ್ತಲ ಗೋಡೆಗೆ ಒರಗಿ ನಿಂತು, ಕಿಟಕಿಕಿಟಕಿಗೂ ಚೀಲ ಕೂತ ಗಾಡಿ ಹೋಗುವುದನ್ನು ನೋಡುತ್ತಿದ್ದಳು. "ಒಮ್ಮೆರ ಗಾಡ್ಯಾಗ ಕೂತು, ಇಳದ ಮ್ಯಾಲ ಬ್ಯಾರೆ ಊರು ಇರೂವಂಗ ಹೋಗೂಣ್ರಿ," ಎನ್ನುತ್ತಿದ್ದಳು. ಮುಂದಿನ ವರ್ಷ ಹೋಗೋಣ ಎನ್ನುತ್ತಿದ್ದೆ. ಸುಳ್ಳು ಹೇಳುವ ಮನಸ್ಸಿನಿಂದ ಹೇಳಿದ್ದಲ್ಲ. ಪ್ರತಿ ಸಲವೂ ನಿಜವಾಗಿಯೇ ಮುಂದಿನ ವರ್ಷ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ಅಂಗಿ ತೊಡುತ್ತಿದ್ದಾಗ ಅವಳು ತಗಡಿನ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾ ಇವತ್ತ ಹೊಂಟೀನ್ರಿ. ಜಂಕ್ಷನ್ ತನಕ ನಡಕೊಂಡ ಹೋಗ್ತೀನಿ. ನೀವೂ ಬರ್ತೀರೇನು?"

"ಈ ವಾರ ಬ್ರೇಕ್ ಪರೀಕ್ಷೆ ಐತಿ ಕಾಶಿ. ಇದೊಂದ ಮುಗೀಲಿ."

ಅವಳು ಹೂಂ ಎಂದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಒಲೆಯ ಮೇಲೆ ಪಲ್ಯ ಇಟ್ಟಿದ್ದೇನೆ, ಬೆಂಕಿ ಆರಿಸಿ ಹೋಗಿ ಎಂದು ಹೇಳಿ ಹೊರಟಳು. ವಾರದೊಳಗೆ ಬರುತ್ತಾಳೆ ಎಂದು ನಾನು ಪರೀಕ್ಷೆಗೆ ಹೋದೆ. ಆ ಸಲದ ಬ್ರೇಕು ಪಾಸಾಯಿತು.

ಎರಡು ತಿಂಗಳಿಗೆ ಒಂದು ಕಾರ್ಡು ಬಂತು. ಸಕ್ಕರೆ ಕಾರ್ಖಾನೆಯ ಊರಲ್ಲಿದ್ದೇನೆ, ಸ್ಟೇಷನ್ನಿನ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ, ಆರಾಮವಾಗಿದ್ದೇನೆ, ಇಷ್ಟೇ. ನಾನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ಎಷ್ಟೋ ಸಲ ಕೂತೆ. ಆದರೆ ಸೋಮವಾರ ಬಂದುಬಿಡುತ್ತಿತ್ತು. ಅವಳ ಚೀಲವನ್ನು ತಕ್ಕಡಿಗೆ ಏರಿಸಿದರೆ ಅವಳ ಸುದ್ದಿ ನನಗೆ ಸಿಗುತ್ತಿತ್ತು. ಹೋದಾಗ ಐವತ್ತೆರಡು ಕಿಲೊ ನಾನೂರು ಗ್ರಾಂ ಇದ್ದವಳು ಮೊದಲ ಎರಡು ತಿಂಗಳಲ್ಲಿ ನಲವತ್ತೊಂಬತ್ತಕ್ಕೆ ಇಳಿದಳು. ಆಗ ನನಗೂ ಅನ್ನ ಸೇರುತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಏರಿದಳು. ಬೇಸಿಗೆಯಲ್ಲಿ ಒಂದಿಷ್ಟು ಇಳಿದು, ಹೊಸ ಜೋಳ ಬರುವ ಹೊತ್ತಿಗೆ ಮತ್ತೆ ತುಂಬಿಕೊಂಡಳು. ಉಂಡಿದ್ದಾಳೆ, ನೆಗಡಿಯಾಗಿದೆ, ಗುಣವಾಗಿದೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಒಂದೇ ಮನೆಯಲ್ಲಿದ್ದಾಗಲೂ ಅವಳ ಬಗ್ಗೆ ಇಷ್ಟು ತಿಳಿದಿದ್ದೆನೋ ಇಲ್ಲವೋ. ಚೀಲಕ್ಕೆ ಧೂಳು ಕೂತರೆ ನನ್ನ ಟವೆಲಿನಿಂದ ಒರೆಸುತ್ತಿದ್ದೆ. ಅವಳನ್ನು ಯಾವಾಗಲೂ ಕಿಟಕಿ ಪಕ್ಕದ ಸೀಟಿನಲ್ಲೇ ಕೂರಿಸುತ್ತಿದ್ದೆ.

ಮೂರನೆಯ ವರ್ಷ ಅವಳ ಚೀಲ ವಾರ ವಾರವೂ ಏರತೊಡಗಿತು. ಒಂದು ವಾರವೂ ಇಳಿಯಲಿಲ್ಲ. ನಾನು ಬರೆದುಕೊಳ್ಳುತ್ತಾ ಹೋದೆ, ಏನೆಂದು ಯೋಚಿಸಲಿಲ್ಲ, ಯೋಚಿಸಬಾರದೆಂದೇ ಯೋಚಿಸಲಿಲ್ಲ. ಏಳನೆಯ ತಿಂಗಳಲ್ಲಿ ಹುಸೇನಬಿ ಚೀಲ ಮುಟ್ಟಿ ನೋಡಿ, "ಹೊಲಿಗಿ ಬಿಗೀ ಆಗೈತಿ ಯಮನಪ್ಪ. ಹರೀತದ. ನಾ ಸಡ್ಲ ಮಾಡ್ತೀನಿ," ಎಂದಳು. ನನ್ನ ಮುಖ ನೋಡದೆ, ಸೂಜಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿ, ನಾಲ್ಕು ಬೆರಳು ಸಡಿಲ ಬಿಟ್ಟು ಮತ್ತೆ ಹೊಲಿದಳು. ಎರಡು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಚೀಲ ಒಮ್ಮೆಲೇ ಐದು ಕಿಲೊ ಇಳಿದಿತ್ತು. ಹುಸೇನಬಿ ಚಹಾದ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತಂದು ನನ್ನ ಅಂಗೈಗೆ ಹಾಕಿದಳು. "ಹಡದಾಳಪಾ. ಬಾಯಿ ಸೀ ಮಾಡ್ಕೊ," ಎಂದಳು.

ತಿಂದೆ. ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಗಂಡೋ ಹೆಣ್ಣೋ ತಿಳಿಯುವ ಉಪಾಯ ಮರಳಿನಲ್ಲಿ ಇಲ್ಲವಲ್ಲ ಎಂಬುದೊಂದೇ ಬಹಳ ದಿನ ಕಾಡಿತು.

ಮತ್ತೆರಡು ವರ್ಷ ಹೀಗೇ ಹೋದವು. ಆಮೇಲೆ ಒಂದು ಸೋಮವಾರ ಅವಳ ಚೀಲ ಐವತ್ನಾಲ್ಕು ಕಿಲೊ ನೂರೈವತ್ತು ಗ್ರಾಂ ತೂಗಿತು. ಮುಂದಿನ ಸೋಮವಾರವೂ ಅಷ್ಟೇ, ಒಂದು ಗ್ರಾಂ ಆಚೆ ಈಚೆ ಇಲ್ಲ.

ಬದುಕಿದ ಮನುಷ್ಯ ಎರಡು ದಿನ ಒಂದೇ ತೂಕ ಇರುವುದಿಲ್ಲ. ಒಂದು ತಂಬಿಗೆ ನೀರು ಕುಡಿದರೂ ಬದಲಾಗುತ್ತದೆ. ನಿಂತ ಚೀಲ ಎಂದರೆ ಏನೆಂದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಗಳಿಗೆಗೇ ಚೀಲ ನಿಲ್ಲುತ್ತದೆ. ದೂರ ಹೋದವರ ಚೀಲ ನಿಂತರೆ ಮೂರು ಸೋಮವಾರ ಕಾಯುತ್ತೇವೆ. ಮೂರನೆಯ ಸೋಮವಾರವೂ ಅಲುಗಾಡದಿದ್ದರೆ ಮನೆಯವರಿಗೆ ತಿಳಿಸಿ, ಹೆಸರಿನ ದಾರ ಬಿಚ್ಚಿ, ಮರಳನ್ನು ಪಕ್ಕದ ಹಳಿಯ ತುದಿಯ ದಿಬ್ಬಕ್ಕೆ ಒಯ್ದು ಸುರಿಯುತ್ತೇವೆ. ಬ್ರೇಕು ಕೈಕೊಟ್ಟು ಓಡಿಹೋದ ಬೋಗಿ ಆ ದಿಬ್ಬಕ್ಕೆ ಹೋಗಿ ಹೂತು ನಿಲ್ಲಬೇಕೆಂದು ಮಾಡಿದ ದಿಬ್ಬ ಅದು. ನಮ್ಮವರಿಗೆ ಅದೇ ಸಮಾಧಿ.

ಮೂರನೆಯ ಸೋಮವಾರ ನಾನು ಕಾಶವ್ವನ ಚೀಲವನ್ನು ಹತ್ತು ಸಲ ತೂಗಿದೆ. ತಕ್ಕಡಿ ಒರೆಸಿ ತೂಗಿದೆ, ಬೇರೆ ತಕ್ಕಡಿಯಲ್ಲಿ ತೂಗಿದೆ. ಐವತ್ನಾಲ್ಕು ನೂರೈವತ್ತು. ಹುಸೇನಬಿ ಡ್ರಾಯರಿನಿಂದ ಕತ್ತರಿ ತೆಗೆದಳು, ಅದನ್ನು ನೋಡಿದಳು, ಮತ್ತೆ ಒಳಗಿಟ್ಟು ಮುಚ್ಚಿದಳು.

"ನಾ ಇದನ್ನ ಬಿಚ್ಚೂದಿಲ್ಲ. ನೀ ಹೋಗಿ ನೋಡಿ ಬಾ."

"ಏನ ನೋಡ್ಲಿ ಅಕ್ಕಾ? ಮಣ್ಣ ನೋಡ್ಲೇನು?"

"ಆ ಕೂಸು ಯಾರ ಕೈಯಾಗ ಐತಿ ಅಂತರ ನೋಡಿ ಬಾ," ಎಂದಳು.

ಪಿಂಟೊ ಮೇಡಂ ಹತ್ತಿರ ಹೋಗಿ ಎರಡು ದಿನ ರಜೆ ಕೇಳಿದೆ. ವಾರದ ಪರೀಕ್ಷೆ ಇದೆ, ಚೀಟಿ ಇನ್ನೂ ಆಗಿಲ್ಲ ಎಂದು ನಾನೇ ಹೇಳಿದೆ. ಅವರು ಕಾಗದದಿಂದ ತಲೆಯೆತ್ತಿ, "ಪರೀಕ್ಷೆ ಕಾಯ್ತದೆ ಯಮನಪ್ಪ. ಮುಂದಿನ ವಾರ ಮಾಡಿದ್ರಾಯ್ತು, ಅದರಲ್ಲಿ ಏನುಂಟು? ನೀವು ಹೋಗಿ ಬನ್ನಿ," ಎಂದರು. ಬ್ರೇಕ್ ಪರೀಕ್ಷೆ ಕಾಯುತ್ತದೆ ಎಂದು ನನಗೆ ಇಪ್ಪತ್ತಾರು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಕೇಂದ್ರದ ಗೇಟು ದಾಟುವವರೆಗೆ ಆ ಮಾತು ನನ್ನ ಬೆನ್ನಿಗೆ ಬಡಿಯುತ್ತಲೇ ಬಂತು.

ಮರುದಿನ ಬೆಳಿಗ್ಗೆ ಜಂಕ್ಷನ್ನಿಗೆ ಹನ್ನೆರಡು ಮೈಲಿ ನಡೆದು ಗಾಡಿ ಹತ್ತಿದೆ. ಜೀವನದಲ್ಲಿ ಮೊದಲ ಸಲ ಸೀಟುಗಳ ಮೇಲೆ ಜನ ಕೂತಿದ್ದನ್ನು ಕಂಡೆ. ಅವರು ಶೇಂಗಾ ಸುಲಿಯುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರು ನಿದ್ದೆ ಮಾಡುತ್ತಿದ್ದರು. ಗಾಡಿ ಹೊರಟ ಮೇಲೆ ನನ್ನ ಮೈ ಎಡಕ್ಕೆ ವಾಲಿಕೊಂಡೇ ಇತ್ತು, ಚೀಲಗಳ ಜೊತೆ ದುಂಡು ಹಳಿ ಸುತ್ತಿದ ಅಭ್ಯಾಸ. ಆದರೆ ಆ ಹಳಿ ತಿರುಗಲೇ ಇಲ್ಲ. ನೇರವಾಗಿ ಹೋಗುತ್ತಲೇ ಇತ್ತು. ನನಗೆ ಹೆದರಿಕೆಯಾಗಿ ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಮುದುಕಿ, "ಮೊದಲನೇ ಸಲ ಏನಪಾ?" ಎಂದು ಕೇಳಿದಳು. ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ಏನು ಹೇಳಲಿ ಎಂದು ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಸಕ್ಕರೆ ಕಾರ್ಖಾನೆಯ ಊರಲ್ಲಿ ಇಳಿದಾಗ ಮಧ್ಯಾಹ್ನ. ಊರಿಗೆ ಊರೇ ಕಾಯಿಸಿದ ಬೆಲ್ಲದ ವಾಸನೆ. ಸ್ಟೇಷನ್ನಿನ ಹಿಂದೆ ಒಂದೇ ಖಾನಾವಳಿ ಇತ್ತು. ಯಾರನ್ನು ಕೇಳಲಿ, ಹೇಗೆ ಕೇಳಲಿ ಎಂದು ಅಲ್ಲೇ ನಿಂತಿದ್ದಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಎರಡು ಸಲ ಬಡಿದು ಒಂದು ಸಲ ತಿರುಗಿಸಿ, ಮತ್ತೆ ಎರಡು ಸಲ. ಆ ಸದ್ದನ್ನು ನಾನು ಒಂಬತ್ತು ವರ್ಷ ಕೇಳಿದ್ದೆ.

ಒಳಗೆ ಹೋಗಿ ಹಲಗೆಯ ಮೇಲೆ ಕೂತೆ. ಅವಳು ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದಳು. ತಾಟು ಬಂತು, ನೀಡಿದವನು ಅಗಲ ಭುಜದ, ಮೆತ್ತನೆಯ ಮುಖದ ಗಂಡಸು. ಉಂಡೆ. ಅವಳ ರೊಟ್ಟಿಯೇ. ಕಣ್ಣು ತುಂಬಿಕೊಂಡಿದ್ದರಿಂದ ಪಲ್ಯ ಯಾವುದೆಂದು ಕಾಣಲಿಲ್ಲ.

"ಬಿಸಿ ರೊಟ್ಟಿ ಹಾಕ್ಲೇನ್ರಿ?" ಎಂದು ಅವಳೇ ರೊಟ್ಟಿ ಹಿಡಿದು ಬಂದಳು. ನನ್ನನ್ನು ನೋಡಿ ನಿಂತಳು. ರೊಟ್ಟಿಯ ಹಬೆ ಅವಳ ಬೆರಳು ಸುಡುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

"ತಾಟಿಗೆ ಹಾಕು ಕಾಶಿ. ಸುಡ್ತೈತಿ," ಎಂದೆ.

ಹಾಕಿದಳು. ಆ ಗಂಡಸಿನ ಕಡೆ ತಿರುಗಿ, "ಮಲ್ಲೇಶಿ, ನಮ್ಮೂರಿಂದ ಬಂದಾರ. ಯಮನಪ್ಪನವರು," ಎಂದಳು. ಅವನಿಗೆ ಹೆಸರು ಗೊತ್ತಿತ್ತು. ಒಂದು ಕ್ಷಣ ನನ್ನನ್ನು ನೋಡಿ, ತುಂಬಿದ ತಂಬಿಗೆ ನನ್ನ ಪಕ್ಕಕ್ಕಿಟ್ಟು, "ಸಾವಕಾಶ ಊಟ ಮಾಡ್ರಿ," ಎಂದು ಹೇಳಿ ಅಂಗಡಿಯ ಮುಂಭಾಗಕ್ಕೆ ಹೋದ.

ಅವಳು ಎದುರಿಗೆ ಕೂತಳು. ಮುಖ ತುಂಬಿಕೊಂಡಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಇದನ್ನೆಲ್ಲ ಮರಳು ಹೇಳಿರಲಿಲ್ಲ.

"ನಿನ್ನ ಚೀಲ ನಿಂತೈತಿ," ಎಂದೆ. "ಮೂರು ಸೋಮವಾರ ಆತು. ನೀ ಸತ್ತೀ ಅಂತ ತಿಳಕೊಂಡು ಬಂದೆ."

ಅವಳು ನಗಲಿಲ್ಲ. ಬೆರಳಲ್ಲಿ ವಾರ ಎಣಿಸಿದಳು. ಎಣಿಸಿ ಒಳಗಿನ ಮೂಲೆಯ ಕಡೆ ನೋಡಿದಳು. ಅಲ್ಲಿ ಅವಳ ತಗಡಿನ ಟ್ರಂಕು ಇತ್ತು.

"ಐದು ವರ್ಷ ಅದನ್ನ ಬಿಚ್ಚಿರಲಿಲ್ರಿ ನಾ," ಎಂದಳು. "ಎರಡ ಸೀರಿ, ಒಂದ ಕಂಬಳಿ, ಮಡಚಿಟ್ಟದ್ದು ಹಂಗ ಇತ್ತು. ಮಲ್ಲೇಶಿ ಜೋಡಿ ಸಂಸಾರ ಆತು, ಕೂಸು ಆತು, ಆದ್ರೂ ಬಿಚ್ಚಲಿಲ್ಲ. ಯಾವತ್ತರ ಒಂದಿನ ಎತಗೊಂಡ ಹೊಂಟಬಿಡ್ತೀನಿ ಅಂತ ಒಳಗ ಒಂದ ಇತ್ತು. ಮೊನ್ನೆ ಜೋಳದ ಹಿಟ್ಟಿಗೆ ಇಲಿ ಬಿದ್ದುವು. ಭದ್ರ ಡಬ್ಬಿ ಬೇಕಾತು. ಸೀರಿ ಕಂಬಳಿ ತಗದು ಗೂಟಕ್ಕ ಹಾಕಿ, ಟ್ರಂಕಿನ್ಯಾಗ ಹಿಟ್ಟ ತುಂಬೀನಿ. ತುಂಬಿದ ಮ್ಯಾಲ ಅನಿಸ್ತು, ಇನ್ನ ನಾ ಹೋಗೂದಿಲ್ಲ ಬಿಡು ಅಂತ." ಮತ್ತೆ ಬೆರಳು ಮಡಚಿ ಹೇಳಿದಳು, "ಅದು ಮೂರು ವಾರದ ಹಿಂದ."

ನಾನು ತಾಟಿನಲ್ಲಿ ರೊಟ್ಟಿ ಮುರಿಯುತ್ತಾ ಕೂತೆ. ಬದುಕಿದ್ದಾಳೆ ಎಂಬ ಸಂತೋಷ ಒಂದು ಕಡೆಯಿಂದ ಬಂತು. ಇನ್ನೊಂದು ಕಡೆಯಿಂದ, ಐದು ವರ್ಷ ಇವಳು ಬರಲು ಸಿದ್ಧವಾಗಿಯೇ ಕೂತಿದ್ದಳಲ್ಲ ಎಂಬುದು ಬಂತು. ಮೂರು ವಾರದ ಹಿಂದೆ ಇದೇ ಗಾಡಿ ಹತ್ತಿದ್ದರೆ! ಒಂದು ವರ್ಷದ ಹಿಂದೆ ಹತ್ತಿದ್ದರೆ!

"ವಾರಾ ವಾರಾ ನಿನ್ನ ತೂಗ್ತಿದ್ನಿ," ಎಂದೆ. "ನಿನಗ ಆರಾಮ ಇಲ್ಲದ್ದು, ಕೂಸಾದದ್ದು, ಎಲ್ಲಾ ಗೊತ್ತಿತ್ತು ನನಗ."

"ನಿಮಗ ಗೊತ್ತಿತ್ತು," ಎಂದಳು ಕಾಶವ್ವ. "ನನ್ನ ಹತ್ರ ನಿಮ್ಮ ಚೀಲ ಇರಲಿಲ್ಲಲ್ಲ. ನೀವು ಉಂಡಿರೋ ಉಪವಾಸ ಅದೀರೋ ನನಗ ಹೆಂಗ ತಿಳೀಬೇಕಿತ್ತು? ಒಂದ ಕಾರ್ಡ್ ಹಾಕಬೇಕಾಗಿತ್ರಿ."

ಅಷ್ಟರಲ್ಲಿ ಒಳಗಿನಿಂದ ಒಂದು ಕೂಸು ನಿದ್ದೆಗಣ್ಣಲ್ಲಿ ನಡೆದು ಬಂತು. ಹೆಣ್ಣು. ತಾಯಿಯ ಹಣೆ, ತಂದೆಯ ಅಗಲ ಭುಜ. ಯಾರಿವನು ಎಂದು ನೋಡದೆ ನನ್ನ ಮೊಣಕಾಲು ಹಿಡಿದುಕೊಂಡಿತು. ಎತ್ತಿಕೊಂಡೆ. ಅಭ್ಯಾಸದ ಕೈ, ತಾನಾಗಿಯೇ ಒಮ್ಮೆ ಮೇಲೆ ಕೆಳಗೆ ಮಾಡಿ ನೋಡಿತು.

"ಎಷ್ಟೈತ್ರಿ?" ಎಂದು ಕಾಶವ್ವ ಆತುರದಿಂದ ಕೇಳಿದಳು. "ಸರಿಯಾಗಿ ಉಣ್ಣೂದಿಲ್ಲ ಅದು."

"ಹನ್ನೊಂದು ಕಿಲೊ. ಮ್ಯಾಲೊಂದು ನೂರ ಗ್ರಾಂ."

"ಕಡಿಮಿ ಆತೇನು?"

"ಇಲ್ಲ. ಸರಿ ಐತಿ. ಚಲೋ ಬೆಳದೈತಿ."

ಅವಳ ಮುಖ ಹಗುರವಾಯಿತು. ಕೂಸು ನನ್ನ ಹೆಗಲಿಗೆ ತಲೆ ಹಚ್ಚಿ ಮತ್ತೆ ಕಣ್ಣು ಮುಚ್ಚಿತು. ಗಾಡಿಯ ಹೊತ್ತಾಗುವವರೆಗೆ ನಾನು ಅದನ್ನು ಕೆಳಗಿಳಿಸಲಿಲ್ಲ, ಯಾರೂ ಇಳಿಸು ಎನ್ನಲೂ ಇಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ಕೂತು ಬೇರೆಯೇ ಒಂದು ಎಣಿಕೆ ಮಾಡಿದೆ. ನನ್ನ ಕಾಲದಲ್ಲಿ ದೂರ ಹೋದವರ ಮೂವತ್ತೊಂದು ಚೀಲ ನಿಂತಿದ್ದವು. ಮೂವತ್ತೊಂದು ಮನೆಯ ಬಾಗಿಲಿಗೆ ನಾನೇ ಹೋಗಿ ತಲೆ ತಗ್ಗಿಸಿ ನಿಂತಿದ್ದೆ. ಅವರಲ್ಲಿ ಎಷ್ಟು ಜನ ಸತ್ತಿದ್ದರು? ಎಷ್ಟು ಜನ ಎಲ್ಲೋ ಒಂದು ಊರಲ್ಲಿ ಟ್ರಂಕಿಗೆ ಹಿಟ್ಟು ತುಂಬಿಕೊಂಡು ಸುಖವಾಗಿದ್ದರು? ಹುಸೇನಬಿಯ ತಮ್ಮ ದಾವಲಸಾಬ ಹಳಿ ಹಾಸುವವರ ಜೊತೆ ಬಂದರಿನ ಊರಿಗೆ ಹೋದವನು, ಎಂಟು ವರ್ಷದ ಹಿಂದೆ ಅವನ ಚೀಲ ನಿಂತಾಗ ಅವನ ಹೆಸರಿನ ದಾರವನ್ನು ಅವಳೇ ಬಿಚ್ಚಿದ್ದಳು. ಹೇಳಬೇಕೋ ಬೇಡವೋ ಎಂದು ಜಂಕ್ಷನ್ನಿನಿಂದ ನಡೆಯುವ ಹನ್ನೆರಡು ಮೈಲಿಯೂ ಯೋಚಿಸಿದೆ. ತಮ್ಮ ಸತ್ತಿದ್ದಾನೆ ಎಂದು ಅತ್ತು ಮುಗಿಸಿದವಳಿಗೆ, ಇಲ್ಲ, ಬದುಕಿರಬಹುದು, ಆದರೆ ನಿಮ್ಮ ಕಡೆಗೆ ಬರುವ ಆಸೆ ಬಿಟ್ಟಿದ್ದಾನೆ ಎಂದು ಹೇಳುವುದು ಹೇಗೆ?

ತೂಕದ ಮನೆಯಲ್ಲಿ ಪಿಂಟೊ ಮೇಡಂ ಕಾಯುತ್ತಿದ್ದರು. "ಏನಾಯ್ತು? ಹೋಗಿಬಿಟ್ರಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ. ಚಲೋ ಅದಾಳ. ಬರೂದಿಲ್ಲ, ಅಷ್ಟ," ಎಂದೆ. ನಮ್ಮ ಪುಸ್ತಕದಲ್ಲಿ ಎರಡೇ ಖಾನೆ, ಇದ್ದಾರೆ ಮತ್ತು ಇಲ್ಲ. ಎರಡನ್ನೂ ಬಿಟ್ಟು ಅಂಚಿನಲ್ಲಿ 'ಅಲ್ಲಿದ್ದಾಳೆ' ಎಂದು ಬರೆದೆ. ಮೇಡಂ ಅದನ್ನು ಓದಿ, ಕೇಳಬೇಕಾದ್ದನ್ನು ಕೇಳದೆ, ಸಹಿ ಹಾಕಿದರು.

ಹುಸೇನಬಿಗೆ ಎಲ್ಲವನ್ನೂ ಹೇಳಿದೆ, ಟ್ರಂಕಿನ ಮಾತೂ ಸೇರಿ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೈ ನಿಂತಿತು. ನಾನು ಹೇಳಲು ಹೆದರಿದ್ದನ್ನು ನಾನು ಹೇಳುವ ಮೊದಲೇ ಅವಳು ಹಿಡಿದುಕೊಂಡಳು.

"ಅಂದ್ರ ನಮ್ಮ ದಾವಲ?"

"ಗೊತ್ತಿಲ್ಲ ಅಕ್ಕಾ. ಇರಬಹುದು. ಇರಲಿಕ್ಕಿಲ್ಲ."

"ಎಂಟು ವರ್ಷ!" ಎಂದಳು. "ಎಂಟು ವರ್ಷ ಜೀವಂತ ಇರೂ ಹುಡುಗಗ ಫಾತೆಹಾ ಓದಿಸೀನಲ್ಲೋ ಯಮನಪ್ಪ!" ನಗತೊಡಗಿದಳು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಮರತ್ರ ಮರೀಲಿ ಅಂವ. ಸುಡುಗಾಡಾಗ ಹೋಗ್ಲಿ ಅಂವನ ನೆನಪು. ಉಸಿರ ಆಡ್ತಾನಲ್ಲ, ಅಷ್ಟ ಸಾಕು ನನಗ." ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, ಬಂದರಿನ ಊರಿಗೆ ಯಾವ ಗಾಡಿ ಎಂದು ಕೇಳಿದಳು.

ಮುಂದಿನ ಭಾನುವಾರ ಅವಳನ್ನು ಜಂಕ್ಷನ್ನಿಗೆ ಕರೆದುಕೊಂಡು ಹೋದೆ. ಅರವತ್ತು ದಾಟಿದವಳು, ಗಾಡಿಯ ಮೆಟ್ಟಿಲು ಎತ್ತರವಾಯಿತೆಂದು ನಾನೇ ಕೈಹಿಡಿದು ಹತ್ತಿಸಿದೆ. ಅವಳು ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾರ್ಡ್ ಹಸಿರು ಬಾವುಟ ಬಿಚ್ಚುತ್ತಿದ್ದ. ಒಮ್ಮೆಲೇ ಅವಳು ಸರಳುಗಳ ನಡುವೆ ಮುಖ ತಂದು ಕೇಳಿದಳು.

"ಅಂವ ನನ್ನ ಗುರ್ತ ಹಿಡೀದಿದ್ರ ಏನ ಮಾಡ್ಲೋ?"

"ನೀ ಅಂವನ್ನ ನೋಡಿ ಬಾ ಅಕ್ಕಾ. ನಾ ನೋಡಿ ಬಂದ್ನೆಲ್ಲ, ಹಂಗ."

"ಅಷ್ಟಕ್ಕ ಸಮಾಧಾನ ಆಗ್ತೈತೇನು?"

ಗಾಡಿ ಹೊರಟಿತು. ನಾನು ಕಿಟಕಿಯ ಜೊತೆ ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆದೆ. ಅವಳು ಉತ್ತರಕ್ಕೆ ಕಾಯುತ್ತಾ ನನ್ನನ್ನೇ ನೋಡುತ್ತಿದ್ದಳು.